ಮನೆಯವರ ಗಂಟೆ

ಜೂನ್ 12, ಶನಿವಾರ

ಬೆಳಿಗ್ಗೆಯೇ ಸೆಕೆ. ಫ್ಯಾನ್ ಹಾಕಲೇ ಎಂದು ಅಮ್ಮನನ್ನು ಕೇಳಿದೆ. ಅವಳು ಕೈಯಲ್ಲಿದ್ದ ಬಕೆಟ್ಟು ಕೆಳಗಿಟ್ಟು ನನ್ನ ಮುಖ ನೋಡಿ, "ಇದೇನೇ, ನೆಂಟರ ಥರ ಕೇಳ್ತೀಯಲ್ಲ," ಎಂದಳು. ಹಾಸ್ಟೆಲಿನಲ್ಲಿ ಎಲ್ಲ ರೂಮಿನ ಫ್ಯಾನುಗಳ ಸ್ವಿಚ್ಚೂ ವಾರ್ಡನ್ ರೂಮಿನ ಪಕ್ಕದ ಒಂದೇ ಬೋರ್ಡಿನಲ್ಲಿದ್ದವು. ಕೇಳದೆ ಹಾಕುವುದು ನನಗಿನ್ನೂ ಕೈಗೆ ಬಂದಿಲ್ಲ.

ಐದನೇ ಕ್ಲಾಸಿಗೆ ಹಾಸ್ಟೆಲಿನ ಸ್ಕಾಲರ್‌ಶಿಪ್ ಸೀಟು ಸಿಕ್ಕಿ ಹೋದವಳು ಈಗ ಕಾಲೇಜಿನ ಫಸ್ಟ್ ಇಯರಿಗೆ ವಾಪಸು ಬಂದಿದ್ದೇನೆ. ರಜೆಗೆ ಬಂದು ಹೋಗುತ್ತಿದ್ದ ಮನೆ ಬೇರೆ, ಇರುವುದಕ್ಕೆಂದು ಬಂದ ಮನೆ ಬೇರೆ. ಇವರಿಗೆ ಇವರದೇ ಆದ ಜೋಕುಗಳಿವೆ. ನಾನು ಎಲ್ಲರೂ ನಕ್ಕ ಮೇಲೆ ನಗುತ್ತೇನೆ. ನನಗೆ ಊಟ ಬಡಿಸುವ ತಟ್ಟೆಯೂ ಬೇರೆ, ಅಂಚಿಗೆ ನೀಲಿ ಗೆರೆ ಇರುವ ಹೊಸದು. ಬಾತು ತನ್ನ ಮಂಚ ನನಗೆ ಬಿಟ್ಟುಕೊಟ್ಟು ನೆಲದ ಮೇಲೆ ಮಲಗುತ್ತಾಳೆ. ಬಾತು ಎಂದರೆ ನನ್ನ ತಂಗಿ, ಹತ್ತನೇ ಕ್ಲಾಸು. ನಡೆಯಲು ಕಲಿತಾಗ ಬಾತುಕೋಳಿಯ ಹಾಗೆ ಓಲಾಡುತ್ತಿದ್ದಳಂತೆ, ಹೆಸರು ಹಾಗೇ ಅಂಟಿಕೊಂಡಿತು.

ಅಮ್ಮ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಾಳೆ. ಬ್ಲೀಚಿಗೆ ಅವಳ ಬೆರಳ ತುದಿಗಳೆಲ್ಲ ಬಿರಿದಿವೆ. ಮುಂದಿನ ಶನಿವಾರ ಬಾತುವಿನ ಸ್ಕೂಲಿಗೆ ಮನೆಯವರು ಯಾರಾದರೂ ಹೋಗಬೇಕಂತೆ. ನೀನೇ ಹೋಗು ಎಂದಳು. ನೀನು ಯಾಕೆ ಹೋಗಬಾರದು ಎಂದೆ.

"ನಂಗೆ ಶಿಫ್ಟು. ಮತ್ತೆ ಅಲ್ಲಿ ಹೋದ್ರೆ ಮನೇಲಿ ಗಮನ ಕೊಡಿ, ಗಮನ ಕೊಡಿ ಅಂತಾರೆ. ಎಲ್ಲಿಂದ ತಂದು ಕೊಡ್ಲಿ? ನೀನು ಓದಿದೋಳು. ಅವರ ಮಾತು ನಿಂಗೆ ತಿಳಿಯುತ್ತೆ."

ಅಪ್ಪ ಲಿಫ್ಟ್ ರಿಪೇರಿ ಮಾಡುವವರು. ಸ್ಕೂಲಿನ ಸುದ್ದಿ ಬಂದರೆ ಅವರು ಎದ್ದು ಟೂಲ್ ಬ್ಯಾಗು ಒರೆಸಲು ಶುರುಮಾಡುತ್ತಾರೆ. "ಊರೋರನ್ನೆಲ್ಲ ಮೇಲಕ್ಕೆ ಕಳಿಸ್ತೀನಿ ಕಣಮ್ಮ, ನಾನು ಮಾತ್ರ ಗ್ರೌಂಡ್ ಫ್ಲೋರು. ನೀನೇ ಹೋಗ್ಬಾ," ಎಂದರು.

ಹೂಂ ಎಂದೆ. ಸೋಮವಾರ ಕಾಲೇಜಿನಲ್ಲಿ ಸೆಲ್ಫ್ ಇಂಟ್ರೊಡಕ್ಷನ್ ಬೇರೆ ಇದೆ.


ಜೂನ್ 19, ಶನಿವಾರ

ಲೈಬ್ರರಿಯ ಹೊರಗೆ ಒಂದು ಕಪ್ಪು ಹಲಗೆ. ಅದರ ಮೇಲೆ ಸೀಮೆಸುಣ್ಣದಲ್ಲಿ 'ಮನೆಯವರ ಗಂಟೆ' ಎಂದು ಬರೆದಿತ್ತು. ಒಳಗೆ ಚಿಕ್ಕ ಮಕ್ಕಳ ಕುರ್ಚಿಗಳು. ದೊಡ್ಡವರೆಲ್ಲ ಮೊಣಕಾಲು ಎದೆಗೆ ತಾಗಿಸಿಕೊಂಡು ಕೂತಿದ್ದರು. ಓದಿನಲ್ಲಿ ಹಿಂದೆ ಬಿದ್ದವರಿಗೆ ಪಾಠ ಹೇಳಲು ವಾರಕ್ಕೊಮ್ಮೆ ಬರುವ ಟೀಚರೊಬ್ಬರಿದ್ದಾರೆ. ಎಲ್ಲರೂ ಅವರನ್ನು ಶನಿವಾರದ ಟೀಚರ್ ಎನ್ನುತ್ತಾರೆ. ಈ ಗಂಟೆ ಅವರದೇ ಏರ್ಪಾಡು. ಇಲ್ಲಿ ಟೀಚರ್ ಮಾತಾಡುವುದಿಲ್ಲ, ಮನೆಯವರೇ ಮಾತಾಡಬೇಕು.

"ಮಾರ್ಕ್ಸ್ ಬಗ್ಗೆ ನಾನು ತುಟಿ ಬಿಚ್ಚಲ್ಲ," ಎಂದರು. "ಓದೋಕೆ ಕೂತಾಗ ಮಗು ಏನು ಮಾಡುತ್ತೆ, ನೀವು ಕಣ್ಣಲ್ಲಿ ನೋಡಿದ್ದು ಹೇಳಿ. ಸರಿ ತಪ್ಪು ಏನಿಲ್ಲ."

ನನ್ನ ಪಕ್ಕದಲ್ಲಿ ಬೇಕರಿಯವರಿದ್ದರು. ಅವರ ಮಗ ಬಾತುವಿನ ಕ್ಲಾಸು. ಅವನು ಪುಸ್ತಕ ತೆರೆದ ತಕ್ಷಣ ಕೂತಲ್ಲೇ ನಿದ್ದೆ ಹೋಗುತ್ತಾನಂತೆ, ಕಣ್ಣು ಮಾತ್ರ ತೆರೆದೇ ಇರುತ್ತದಂತೆ. "ಮೀನಿನ ಥರ ಮೇಡಂ. ನಾವು ಓದ್ತಿದಾನೆ ಅಂತ ಹಾಲು ತಂದು ಇಡೋದು," ಎಂದರು. ಎಲ್ಲರೂ ನಕ್ಕರು. ಟೀಚರ್ ಅದನ್ನೂ ಬರೆದುಕೊಂಡರು.

ನನ್ನ ಸರದಿ ಬಂತು. ಎದ್ದು ನಿಂತೆ, ಬೇರೆ ಯಾರೂ ನಿಂತಿರಲಿಲ್ಲ. ಕೈಗಳು ತಾವಾಗಿ ಬೆನ್ನ ಹಿಂದೆ ಹೋದವು. ಹಾಸ್ಟೆಲಿಗೆ ಇನ್‌ಸ್ಪೆಕ್ಷನ್ ಬಂದಾಗ ನಾವು ಹೀಗೆಯೇ ನಿಲ್ಲುತ್ತಿದ್ದೆವು. ಊಟ ಹೇಗಿದೆ? ಚೆನ್ನಾಗಿದೆ ಸರ್. ತೊಂದರೆ ಏನಾದರೂ? ಇಲ್ಲ ಸರ್. ಅಕ್ಕಿಯಲ್ಲಿ ಹುಳ ಹರಿದ ವಾರವೂ ಹಾಗೆಯೇ ಹೇಳಿದ್ದೆವು. ಕಂಪ್ಲೇಂಟ್ ಮಾಡಿದವರ ಗತಿ ಏನಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು.

ಬಾಯಿ ತಾನೇ ಇಂಗ್ಲಿಷಿನಲ್ಲಿ ಶುರುಮಾಡಿತು. ದಿನಾ ಓದುತ್ತಾಳೆ, ಅವಳಿಗೆ ಬೇರೆ ಟೇಬಲ್ ಇದೆ, ನಾವೆಲ್ಲ ಸಹಾಯ ಮಾಡುತ್ತೇವೆ ಎಂದೆ. ಗಟ್ಟಿಯಾಗಿ ಓದುವಾಗ ನಿಧಾನವಾಗುತ್ತಾಳಾ, ಸಾಲು ತಪ್ಪುತ್ತಾಳಾ ಎಂದು ಟೀಚರ್ ಕೇಳಿದರು. "ನೋ ಮೇಡಂ, ಶೀ ರೀಡ್ಸ್ ವೆರಿ ವೆಲ್," ಎಂದೆ.

ಟೀಚರ್ ತಮ್ಮ ಪುಸ್ತಕದಲ್ಲಿ ಒಂದು ಸಾಲು ಹೊಡೆದುಹಾಕಿದರು. "ಹಾಗಾದ್ರೆ ನನ್ನ ಅಂದಾಜೇ ತಪ್ಪಿರ್ಬೇಕು. ಒಳ್ಳೇದಾಯ್ತು," ಎಂದು ಬರೆದುಕೊಂಡರು. ಬೇಕರಿಯವರು ಎಷ್ಟು ಚೆನ್ನಾಗಿ ಮಾತಾಡ್ತೀಯಮ್ಮ ಎಂದರು.

ಮನೆಗೆ ಬಂದು ಎಲ್ಲ ಚೆನ್ನಾಗಿ ಆಯಿತು ಎಂದೆ. ಅಮ್ಮನ ಮುಖ ಬೆಳಗಿತು. ನನಗೂ ನೆಮ್ಮದಿ. ನಾಲಗೆ ಒಂದು ಸಲವೂ ತೊದಲಲಿಲ್ಲ.


ಜೂನ್ 20

ಬಾತು ನಾನು ಕೇಳದೆಯೇ ಟೀ ಮಾಡಿ ತಂದಳು. ನಿನ್ನೆ ಲೈಬ್ರರಿಯ ಕಿಟಕಿ ಪಕ್ಕದಲ್ಲೇ ನಿಂತಿದ್ದಳಂತೆ. "ನನ್ನ ಬಗ್ಗೆ ಸ್ಕೂಲಲ್ಲಿ ಯಾರೂ ಒಳ್ಳೇದು ಹೇಳಿದ್ದೇ ಇಲ್ಲ, ಗೊತ್ತಾ ಅಕ್ಕ," ಎಂದಳು. ಸಕ್ಕರೆ ತುಂಬಾ ಜಾಸ್ತಿಯಾಗಿತ್ತು. ತುಂಬಾ ಚೆನ್ನಾಗಿದೆ ಎಂದು ಕುಡಿದೆ.


ಜುಲೈ 6, ಮಂಗಳವಾರ

ಬಾತು ದಡ್ಡಿಯಲ್ಲ, ಡಿಸಿಪ್ಲಿನ್ ಇಲ್ಲ ಅಷ್ಟೇ. ಸಂಜೆ ಅಮ್ಮ ಬಂದು ಒಲೆ ಹಚ್ಚಿದ ಕೂಡಲೇ ಅಡುಗೆಮನೆಯಲ್ಲಿ ಬಕೆಟ್ಟು ಬೋರಲು ಹಾಕಿ ಕೂರುತ್ತಾಳೆ. ಅವತ್ತು ಸ್ಕೂಲಿನಲ್ಲಿ ಹೇಳಿಕೊಟ್ಟದ್ದನ್ನೆಲ್ಲ ಕಥೆಯ ಹಾಗೆ ಹೇಳುತ್ತಾಳೆ. ಅಮ್ಮ ತರಕಾರಿ ಹೆಚ್ಚುತ್ತಾ ಮಧ್ಯೆ ಮಧ್ಯೆ ಏನಾದರೂ ಕೇಳುತ್ತಾಳೆ. "ಆ ರಾಜನಿಗೆ ಹೆಂಡ್ತಿ ಇರ್ಲಿಲ್ವಾ? ಯುದ್ಧಕ್ಕೆ ಹೋಗ್ಬೇಡ, ಮನೇಲಿ ಕೆಲಸ ಇದೆ ಅನ್ನೋರು ಯಾರೂ ಇರ್ಲಿಲ್ವಾ?" ನಿನ್ನೆ ಗಿಡಗಳು ಬಿಸಿಲಿನಲ್ಲಿ ಆಹಾರ ತಯಾರಿಸುವ ಪಾಠ. "ಹಂಗಾದ್ರೆ ಅವಕ್ಕೆ ಗ್ಯಾಸ್ ಖರ್ಚಿಲ್ಲ ಅನ್ನು," ಎಂದಳು ಅಮ್ಮ. ಅಪ್ಪನೂ ಬಾಗಿಲಿಗೆ ಒರಗಿ ನಿಂತು ಸೇರಿಕೊಳ್ಳುತ್ತಾರೆ. ಹೀಗೆ ಹರಟೆಯಲ್ಲಿ ಇಡೀ ಸಂಜೆ ಕಳೆದುಹೋಗುತ್ತದೆ. ಬೋರ್ಡ್ ಪರೀಕ್ಷೆಯ ವರ್ಷದಲ್ಲಿ ಯಾವ ಮನೆಯಲ್ಲಿ ಹೀಗೆ ಮಾಡುತ್ತಾರೆ?

ಇವತ್ತು ಒಂದು ಟೈಮ್‌ಟೇಬಲ್ ಬರೆದು ಗೋಡೆಗೆ ಅಂಟಿಸಿದೆ. ಅಪ್ಪನ ಸಾಮಾನುಗಳನ್ನು ಮಂಚದ ಕೆಳಗೆ ತಳ್ಳಿ ಟೇಬಲ್ ಖಾಲಿ ಮಾಡಿದೆ. ಹಾಸ್ಟೆಲಿನ ಸ್ಟಡಿ ಅವರ್‌ನಲ್ಲಿ ಪುಟ ತಿರುವುವ ಸದ್ದು ಬಿಟ್ಟು ಬೇರೆ ಕೇಳಿಸಬಾರದಿತ್ತು. ನಾನು ಓದಿ ಮುಂದೆ ಬಂದದ್ದೇ ಹಾಗೆ. ಆ ಹೊತ್ತಿನಲ್ಲಿ ಅಡುಗೆಮನೆಗೆ ಹೋಗುವಂತಿಲ್ಲ ಎಂದೆ.

"ಆಯ್ತು ವಾರ್ಡನ್ನಮ್ಮ," ಎಂದಳು ಬಾತು.

ಮೊದಲ ದಿನವೇ ಮನೆ ಎಷ್ಟು ಶಾಂತವಾಯಿತು. ಅಮ್ಮ ಪಾತ್ರೆಯನ್ನು ಸದ್ದಾಗದ ಹಾಗೆ ಇಟ್ಟಳು. ಅಪ್ಪ ಹೊರಗೆ ಹೋಗಿ ಕೆಮ್ಮಿ ಬಂದರು. ಬಾತು ಅಲುಗಾಡದೆ ಕೂತು ಪುಟ ತಿರುವುತ್ತಿದ್ದಳು.


ಜುಲೈ 15

ಕಾಲೇಜಿನ ಲ್ಯಾಬಿನಲ್ಲಿ ಬ್ಯೂರೆಟ್ಟಿನ ಗಾಜು ಒಡೆದೆ. ಮೆಂಟರ್ ಸರ್ ಕರೆದು ಸೆಟಲ್ ಆದೆಯಾ, ಮನೆಯಲ್ಲಿ ಏನಾದರೂ ತೊಂದರೆ ಇದೆಯಾ ಎಂದರು. ನೋ ಸರ್ ಎಂದೆ. ಬಾತ್‌ರೂಮಿಗೆ ಹೋಗಿ ವಾಂತಿ ಮಾಡಿ ಕ್ಲಾಸಿಗೆ ಬಂದೆ.


ಆಗಸ್ಟ್ 7, ಶನಿವಾರ

ಬಾತುವಿನ ಟೆಸ್ಟ್ ಪೇಪರುಗಳನ್ನು ತರಲು ಹೋಗಿದ್ದೆ. ಕನ್ನಡ ಒಂದು ಬಿಟ್ಟು ಎಲ್ಲದರಲ್ಲೂ ಫೇಲು. ಹೋದ ವರ್ಷ ಹೇಗೋ ದಡ ಸೇರುತ್ತಿದ್ದ ಸಮಾಜದಲ್ಲೂ. ಉತ್ತರಗಳು ಚೆನ್ನಾಗಿ ಶುರುವಾಗಿ ನಡುವೆಯೇ ನಿಂತುಬಿಟ್ಟಿವೆ. ಕೊನೆಯ ಪುಟಗಳು ಖಾಲಿ.

ಸ್ಟಾಫ್ ರೂಮಿನ ಬಾಗಿಲಲ್ಲಿ ಕ್ಲಾಸ್ ಟೀಚರ್ ಸಿಕ್ಕಿದರು. ಅವರಿಗೆ ನನ್ನ ಪರಿಚಯವಿರಲಿಲ್ಲ, ಅವಳ ಅಕ್ಕ ಎಂದೆ. "ಈ ಹುಡುಗಿಗೆ ಅಕ್ಷರ ನಿಲ್ಲಲ್ಲ ಕಣಮ್ಮ. ಅದೊಂದು ತೊಂದರೆ, ಎಷ್ಟೋ ಮಕ್ಕಳಿಗಿರುತ್ತೆ," ಎಂದರು. ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೊಡಿಸಲು ಶನಿವಾರದ ಟೀಚರ್ ಬೋರ್ಡಿಗೆ ಅರ್ಜಿ ಹಾಕುವವರಿದ್ದರಂತೆ. ಅದಕ್ಕೆ ಸ್ಕೂಲಿನವರು ಕಂಡದ್ದೂ ಮನೆಯವರು ಕಂಡದ್ದೂ ಎರಡೂ ಬೇಕಂತೆ. ಯಾತಕ್ಕೆ ಕೇಳುತ್ತಿದ್ದೇವೆಂದು ಮೊದಲೇ ಹೇಳಿಬಿಟ್ಟರೆ ಮನೆಯವರು ಅದಕ್ಕೆ ತಕ್ಕ ಹಾಗೆ ಮಾತಾಡುತ್ತಾರೆ, ಅದಕ್ಕೇ ಹೇಳುವುದಿಲ್ಲವಂತೆ.

"ಯಾರೋ ಮನೆಯವರು ಬಂದು ಏನೂ ತೊಂದರೆ ಇಲ್ಲ, ಬಹಳ ಚೆನ್ನಾಗಿ ಓದ್ತಾಳೆ ಅಂದ್ರಂತೆ. ಟೀಚರ್ ಹತ್ರ ಸಮಯ ಇರೋದೇ ಇಷ್ಟು, ಇವಳ ಸರದಿ ಬೇರೆ ಮಗೂಗೆ ಕೊಟ್ರು. ಅರ್ಜಿಗಳೆಲ್ಲ ಹೋದ ತಿಂಗಳೇ ಹೋದ್ವು."

ಥ್ಯಾಂಕ್ಯೂ ಮೇಡಂ ಎಂದೆ. ಗೇಟಿನವರೆಗೆ ಹೇಗೆ ನಡೆದೆನೋ.


ಆಗಸ್ಟ್ 8

ಹೇಳಲಿಲ್ಲ.


ಆಗಸ್ಟ್ 14

ಪೇಪರ್ ಕೊಟ್ಟರಾ ಎಂದು ಅಪ್ಪ ಕೇಳಿದರು. ಇನ್ನೂ ಇಲ್ಲ ಎಂದೆ. ನನ್ನ ಬ್ಯಾಗಿನಲ್ಲೇ ಇವೆ. ಬಾತು ಅಲ್ಲೇ ಇದ್ದಳು, ನನ್ನ ಮುಖ ನೋಡಿ ಒಳಗೆ ಹೋದಳು.


ಆಗಸ್ಟ್ 22, ಭಾನುವಾರ

ಅಮ್ಮ ಶಿಫ್ಟಿಗೆ ಹೋಗಿದ್ದಳು. ಅಪ್ಪ ಯಾವುದೋ ಲಿಫ್ಟಿನಲ್ಲಿ ಜನ ಸಿಕ್ಕಿಹಾಕಿಕೊಂಡಿದ್ದಾರೆಂದು ಊಟ ಬಿಟ್ಟು ಓಡಿದ್ದರು. ಸ್ವಲ್ಪ ಓದಿ ತೋರಿಸು ಎಂದು ಬಾತುವಿಗೆ ಹೇಳಿದೆ. ಆಮೇಲೆ ಎಂದಳು. ಈಗಲೇ ಎಂದೆ.

ಇತಿಹಾಸದ ಪಾಠ ತೆಗೆದು ಸರಾಗವಾಗಿ ಓದಿದಳು. ನನಗೆ ಎಷ್ಟು ಸಮಾಧಾನವಾಯಿತೆಂದರೆ ಎದ್ದು ಅಪ್ಪಿಕೊಳ್ಳುವವಳಿದ್ದೆ. ಆಗ ಅವಳ ಕಣ್ಣು ನೋಡಿದೆ. ಕಣ್ಣು ಪುಟದ ಒಂದೇ ಕಡೆ ನೆಟ್ಟಿತ್ತು. ಪಾಠ ಅವಳಿಗೆ ಕೇಳಿ ಬಾಯಿಗೆ ಬಂದಿತ್ತು, ಪುಸ್ತಕ ಸುಮ್ಮನೆ ಕೈಯಲ್ಲಿತ್ತು. ಕ್ಲಾಸಿನಲ್ಲಿ ಇನ್ನೂ ಮಾಡದ ಒಂದು ಪಾಠ ತೆಗೆದು ಕೊಟ್ಟೆ.

ಮೊದಲ ಪದಕ್ಕೆ ಬೆರಳಿಟ್ಟಳು. ಮೊದಲ ಅಕ್ಷರ ಹಿಡಿದು ಯಾವುದೋ ಪದ ಊಹಿಸಿದಳು, ತಪ್ಪು. ಎರಡನೆಯದೂ ತಪ್ಪು. ಮುಂದಿನ ಸಾಲಿಗೆ ಬರುವಾಗ ಜಾರಿ ಅದರ ಕೆಳಗಿನ ಸಾಲಿಗೆ ಬಿದ್ದಳು. ಹಣೆಯಲ್ಲಿ ಬೆವರು. ಪುಸ್ತಕ ಮುಚ್ಚಿದಳು.

"ಗೊತ್ತಾಯ್ತಲ್ಲ. ಬಿಡು ಈಗ."

ಲೈಬ್ರರಿಯಲ್ಲಿ ನಾನು ಹೇಳಿದ್ದರಿಂದ ಏನಾಯಿತೆಂದು ಹೇಳಿದೆ. ಅರ್ಜಿಯ ವಿಷಯವನ್ನೂ ಹೇಳಿದೆ. ಅವಳು ಬೈಯುತ್ತಾಳೆಂದು ಕಾದೆ.

"ನೀನು ಸುಳ್ಳು ಹೇಳ್ತಿದೀಯ ಅಂತ ಅವತ್ತೇ ಗೊತ್ತಿತ್ತು ನಂಗೆ," ಎಂದಳು. "ಕಿಟಕಿ ಹತ್ರಾನೇ ಇದ್ನಲ್ಲ. ಒಳಗೆ ಬಂದು ಇಲ್ಲ ಮೇಡಂ, ನಂಗೆ ಬರಲ್ಲ ಅಂತ ಹೇಳ್ಬಹುದಿತ್ತು. ಆದ್ರೆ ಕೇಳೋಕೆ ಎಷ್ಟು ಚೆನ್ನಾಗಿತ್ತು ಅಂದ್ರೆ."

ಮನೆಯ ಹಿಂದಿನ ಟೈರ್ ಅಂಗಡಿಯಲ್ಲಿ ಗಾಳಿ ಹಾಕುವ ಸದ್ದು ಬಂದು ನಿಂತಿತು.

"ಈಗ ಹೋಗಿ ನನ್ನ ತಂಗಿಗೆ ಓದೋಕೆ ಬರಲ್ಲ ಅಂತ ಹೇಳ್ತೀಯಾ? ಆ ಬೇಕರಿ ಅಂಕಲ್ ಎದುರಿಗೆ? ಅವರ ಮಗ ನಾಳೆ ಇಡೀ ಕ್ಲಾಸಿಗೆ ಹೇಳ್ತಾನೆ."

ಹೇಳಲೇಬೇಕು ಎಂದೆ. ಅವಳು ಚಾಪೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಸಂಜೆ ಅಮ್ಮ ಬಂದರೂ ಎದ್ದು ಬರಲಿಲ್ಲ.


ಆಗಸ್ಟ್ 29

ಬಾತುವಿಗೆ ನನ್ನ ಜೊತೆ ಮಾತಿಲ್ಲ. ಏನಾದರೂ ಬೇಕಿದ್ದರೆ ಅಮ್ಮನ ಕಡೆಯಿಂದ ಹೇಳಿಸುತ್ತಾಳೆ. ಟೈಮ್‌ಟೇಬಲ್ ಮಾತ್ರ ಅಕ್ಷರಶಃ ಪಾಲಿಸುತ್ತಿದ್ದಾಳೆ. ಹೊತ್ತಿಗೆ ಸರಿಯಾಗಿ ಟೇಬಲ್ಲಿಗೆ ಬಂದು ಪುಟ ತಿರುವುತ್ತಾಳೆ. ಆ ಸದ್ದು ಕೇಳಿದರೆ ಕಿವಿ ಮುಚ್ಚಿಕೊಳ್ಳೋಣ ಅನ್ನಿಸುತ್ತದೆ.


ಸೆಪ್ಟೆಂಬರ್ 5, ಭಾನುವಾರ

ಇವತ್ತು ಅಪ್ಪ ಅಮ್ಮ ಇಬ್ಬರೂ ಮನೆಯಲ್ಲಿದ್ದರು. ಬ್ಯಾಗಿನಿಂದ ಪೇಪರುಗಳನ್ನು ತೆಗೆದು ಅವರ ಮುಂದೆ ಇಟ್ಟು ಎಲ್ಲ ಹೇಳಿದೆ. ಬಾತು ಅಡುಗೆಮನೆಯಲ್ಲಿದ್ದಳು, ನಲ್ಲಿ ನಿಲ್ಲಿಸಿದ್ದು ಕೇಳಿಸಿತು.

ಫೇಲಾದದ್ದಕ್ಕೆ ಅಮ್ಮ ಸಿಟ್ಟು ಮಾಡುತ್ತಾಳೆಂದುಕೊಂಡಿದ್ದೆ. ಅವಳು ಪೇಪರುಗಳ ಕಡೆ ನೋಡಲೇ ಇಲ್ಲ.

"ಟೀಚರ್ ಬಾಯಿಬಿಟ್ಟು ಕೇಳಿದ್ರು, ನೀನು ಏನೂ ಇಲ್ಲ ಅಂದೆ. ಹಾಗೆ ಹೇಳೋಕೆ ಯಾರು ಕಲಿಸಿದ್ರೇ ನಿಂಗೆ?"

ನಾನು ಪೇಪರುಗಳ ಅಂಚು ಸರಿಮಾಡಿದೆ.

"ಹಾಸ್ಟೆಲಿಂದ ಫೋನ್ ಮಾಡಿದಾಗೆಲ್ಲ ಚೆನ್ನಾಗಿದೀನಿ, ಚೆನ್ನಾಗಿದೀನಿ ಅಂತಿದ್ಯಲ್ಲ. ಅದೂ ಹೀಗೇನಾ?"

ತಟ್ಟೆ ತೊಳೆಯಬೇಕು ಎಂದು ಎದ್ದೆ. ತೊಳೆಯಲು ಒಂದೂ ತಟ್ಟೆ ಇರಲಿಲ್ಲ. ಬಾತು ಎಲ್ಲವನ್ನೂ ತೊಳೆದಿಟ್ಟಿದ್ದಳು. ಸುಮ್ಮನೆ ನಲ್ಲಿಯ ಮುಂದೆ ನಿಂತೆ. ಅವಳು ಪಕ್ಕಕ್ಕೆ ಸರಿದು ಜಾಗ ಕೊಟ್ಟಳು.

ಒಳಗೆ ಅಪ್ಪ ಅಮ್ಮನಿಗೆ ಹೇಳುತ್ತಿದ್ದರು. "ನಂಗೂ ಹಿಂಗೇ ಇತ್ತು ಕಣೇ. ಅಕ್ಷರ ಇರುವೆ ಥರ ಓಡೋವು. ಮೇಷ್ಟ್ರು ದಡ್ಡ ಅಂದ್ರು, ನಾನೂ ಹೌದು ಅಂದ್ಕೊಂಡು ಕೈಕೆಲಸಕ್ಕೆ ಬಂದೆ. ಇದಕ್ಕೊಂದು ಕಾರಣ ಇದೆ ಅಂತ ಯಾರಿಗೆ ಗೊತ್ತಿತ್ತು?"

ಅಪ್ಪ ಸ್ಕೂಲಿನ ಗೇಟು ದಾಟದೆ ಇದ್ದದ್ದು ಇದಕ್ಕೆ. ನಾನು ಬೇಜವಾಬ್ದಾರಿ ಎಂದುಕೊಂಡಿದ್ದೆ.


ಸೆಪ್ಟೆಂಬರ್ 18, ಶನಿವಾರ

ಅಮ್ಮ ಶಿಫ್ಟು ಬದಲಾಯಿಸಿಕೊಂಡಳು. ಅಪ್ಪ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡರು. ಉಗುರಿನ ಗ್ರೀಸು ಮಾತ್ರ ಎಷ್ಟು ಉಜ್ಜಿದರೂ ಹೋಗಲಿಲ್ಲ, ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತರು. ಲೈಬ್ರರಿಯಲ್ಲಿ ಮತ್ತೆ ಮನೆಯವರ ಗಂಟೆಯಿತ್ತು, ನಾವು ಕರೆಯದೆ ಹೋಗಿದ್ದೆವು. ಶನಿವಾರದ ಟೀಚರ್ ಏನೂ ಕೇಳದೆ ಇನ್ನೂ ಮೂರು ಕುರ್ಚಿ ತಂದು ಹಾಕಿದರು.

ನಾನೇ ಮೊದಲು ಮಾತಾಡುತ್ತೇನೆಂದೆ. ಎದ್ದು ನಿಂತೆ. ಕೂತೇ ಮಾತಾಡಿ ಎಂದರು. ಕೂತೆ. ಇಂಗ್ಲಿಷ್ ಬರಲಿಲ್ಲ. ಜೂನಿನಲ್ಲಿ ನಾನು ಹೇಳಿದ್ದು ಸುಳ್ಳು, ನನ್ನ ತಂಗಿ ಓದುವುದನ್ನು ನಾನು ಅಲ್ಲಿಯವರೆಗೆ ಒಂದು ಸಲವೂ ಕೇಳಿರಲಿಲ್ಲ ಎಂದೆ. ಬೇಕರಿಯವರು ತಮ್ಮ ನೀರಿನ ಬಾಟಲಿ ನನ್ನ ಕಡೆ ಸರಿಸಿದರು.

ಆಮೇಲೆ ಅಮ್ಮ ಮಾತಾಡಿದಳು. ಆಸ್ಪತ್ರೆಯ ಮ್ಯಾನೇಜರ್ ಎದುರು ತಲೆ ತಗ್ಗಿಸುವ ಅಮ್ಮ ಅಲ್ಲಿ ತರಕಾರಿ ಹೆಚ್ಚುವಾಗ ಮಾತಾಡುವ ಹಾಗೆಯೇ ಮಾತಾಡಿದಳು. "ಕೇಳಿದ್ದು ಮರೆಯಲ್ಲ ಮೇಡಂ ಇವಳು. ಓದಿದ್ದು ನಿಲ್ಲಲ್ಲ. ದಿನಾ ಸಂಜೆ ನಂಗೆ ಪಾಠ ಹೇಳೋಳು. ನನ್ನ ಹತ್ರ ಮಾತಾಡಿದ್ರೆ ಓದು ಕೆಡುತ್ತೆ ಅಂತ ನಿಲ್ಲಿಸಿದ್ವಿ. ಅಲ್ಲಿಂದ ಈಚೆಗೆ ಮಂಕಾಗಿಬಿಟ್ಲು."

ನಿಲ್ಲಿಸಿದ್ವಿ ಎಂದಳು. ನಿಲ್ಲಿಸಿದ್ದು ನಾನು.

ಟೀಚರ್ ಕಿಟಕಿಯ ಬಳಿ ನಿಂತಿದ್ದ ಬಾತುವನ್ನು ಒಳಗೆ ಕರೆದರು. ನಮ್ಮೆದುರಿಗೆ ಒಂದು ಪುಟ ಓದಲು ನಿನಗೆ ಒಪ್ಪಿಗೆಯಾ, ಬೇಡವೆಂದರೆ ಬೇಡ ಎಂದರು. ಬಾತು ನನ್ನ ಕಡೆ ನೋಡಲಿಲ್ಲ. ಪುಸ್ತಕ ತೆಗೆದುಕೊಂಡಳು.

ಅದು ಚಿಕ್ಕ ಪುಟ, ನದಿ ದಾಟಿಸುವವನೊಬ್ಬನ ಕಥೆ. ಬೆರಳಿಟ್ಟು ಓದಿದಳು. ಒಂದು ಪದದ ಹತ್ತಿರ ನಿಂತಳು. ನನಗೆ ತಡೆಯಲಾಗಲಿಲ್ಲ, ಹೇಳಿಕೊಡಲು ಬಾಯಿ ತೆರೆದೆ. ಟೀಚರ್ ನನ್ನ ಕಡೆ ನೋಡದೆಯೇ ಒಂದು ಬೆರಳೆತ್ತಿದರು. ಬಾಯಿ ಮುಚ್ಚಿದೆ. ಬಾತು ಆ ಪದವನ್ನು ಒಡೆದು, ಮತ್ತೆ ಜೋಡಿಸಿ, ತಪ್ಪಿ, ಮತ್ತೆ ಮೊದಲಿನಿಂದ ಹಿಡಿದು, ಕೊನೆಗೆ ಹೇಳಿದಳು. ಹೀಗೇ ಕೆಳಗಿನವರೆಗೆ. ಬೇಕರಿಯವರು ಪೂರ್ತಿ ಹೊತ್ತು ಮೇಲಿನ ಫ್ಯಾನನ್ನೇ ನೋಡುತ್ತಿದ್ದರು. ಅಪ್ಪನ ಕೈ ತೊಡೆಯ ಕೆಳಗಿನಿಂದ ಹೊರಗೆ ಬಂದಿತ್ತು. ತುಟಿ ಅವಳ ಜೊತೆಗೆ ಅಲುಗಾಡುತ್ತಿತ್ತು.

ಬಾತು ಪುಟ ಮುಗಿಸಿ ಪುಸ್ತಕ ಮೇಜಿನ ಮೇಲಿಟ್ಟಳು. ಕಥೆ ಏನೆಂದು ಟೀಚರ್ ಕೇಳಿದರು. ಒಂದು ವಿವರವೂ ಬಿಡದೆ ಹೇಳಿದಳು.

ಬೋರ್ಡಿಗೆ ಬರೆಯುತ್ತೇನೆ, ಆದರೆ ಗಡುವು ಮುಗಿದಿದೆ, ಕೊಡುತ್ತಾರೆಂದು ಹೇಳಲಾರೆ ಎಂದರು ಟೀಚರ್. ತಪ್ಪು ನನ್ನದು ಎಂದೆ.

"ನಂದೂ ಇದೆ," ಎಂದರು. "ನೀವು ಮನೆಗೆ ಬಂದು ಎಷ್ಟು ದಿನ ಆಯ್ತು ಅಂತ ನಾನು ಅವತ್ತು ಕೇಳ್ಲೇ ಇಲ್ಲ."

ವಾಪಸು ಬರುವಾಗ ಬಾತು ಅಪ್ಪನ ಪಕ್ಕ ನಡೆದಳು. ನಾನು ಹಿಂದೆ.


ಅಕ್ಟೋಬರ್ 10, ಭಾನುವಾರ

ಗಂಟಲು ಕಟ್ಟಿದೆ. ದಿನಾ ಸಂಜೆ ಬಾತುವಿಗೆ ಪಾಠ ಗಟ್ಟಿಯಾಗಿ ಓದುತ್ತೇನೆ. ಕೇಳಿಸಿಕೊಂಡು ಅವಳು ಅಡುಗೆಮನೆಗೆ ಹೋಗಿ ಅಮ್ಮನಿಗೆ ಹೇಳುತ್ತಾಳೆ. ನನ್ನ ಜೊತೆ ಪಾಠಕ್ಕೆ ಬೇಕಾದಷ್ಟೇ ಮಾತು. "ಇನ್ನೊಂದ್ಸಲ." "ನಿಧಾನ." "ಇದು ಬೇಡ, ಮುಂದಿಂದು."

ಗೋಡೆಯ ಮೇಲಿದ್ದ ಟೈಮ್‌ಟೇಬಲ್ ಯಾರು ಕಿತ್ತರೋ ಗೊತ್ತಿಲ್ಲ. ಅಂಟಿನ ಗುರುತು ಉಳಿದಿದೆ. ಟೇಬಲ್ಲಿನ ಮೇಲೆ ಅಪ್ಪನ ಸ್ಪ್ಯಾನರುಗಳು ವಾಪಸು ಬಂದಿವೆ.

ಇಂಟರ್ನಲ್ಸ್‌ನಲ್ಲಿ ನಾನು ಕೆಮಿಸ್ಟ್ರಿಯಲ್ಲಿ ಫೇಲು. ಊಟ ಮಾಡುವಾಗ ಹೇಳಿದೆ. ಅಪ್ಪ ಇನ್ನೊಂದು ಹಿಡಿ ಅನ್ನ ಹಾಕಿ ಮತ್ತೆ ಬರೆಯಬಹುದಾ ಎಂದರು. ಬರೆಯಬಹುದು ಎಂದೆ.


ಡಿಸೆಂಬರ್ 11, ಶನಿವಾರ

ಬೋರ್ಡಿನಿಂದ ಉತ್ತರ ಬಂತು. ತಡವಾಗಿ ಬಂದ ಅರ್ಜಿಗಳನ್ನು ಈ ವರ್ಷಕ್ಕೆ ಪರಿಗಣಿಸುವುದಿಲ್ಲ. ಮುಂದಿನ ವರ್ಷ ಬರೆಯುವುದಾದರೆ ಸಮಯ ಕೊಡಬಹುದು.

ಅಪ್ಪ ಒಂದು ವರ್ಷ ಕಾಯೋಣ ಎಂದರು. ಅಮ್ಮ ಬೇಡ ಎಂದಳು. ಒಂದು ವರ್ಷ ಮನೆಯಲ್ಲಿ ಕೂತ ಹುಡುಗಿ ಮತ್ತೆ ಸ್ಕೂಲಿಗೆ ಹೋಗುವುದನ್ನು ತಾನು ಎಲ್ಲೂ ಕಂಡಿಲ್ಲ, ಲಾಂಡ್ರಿಯಲ್ಲಿ ತನ್ನ ಪಕ್ಕ ನಿಂತವರೆಲ್ಲ ಹಾಗೆ ಒಂದು ವರ್ಷ ಕೂತವರೇ ಎಂದಳು. ಇಬ್ಬರ ದನಿಯೂ ಏರಿತು. ಬಾತು ಗೋಡೆಗೆ ಒರಗಿ ಕೂತಿದ್ದಳು.

"ಅಕ್ಕ ಹೇಳ್ಲಿ," ಎಂದಳು.

ಅಷ್ಟು ದಿನದ ಮೇಲೆ ಅಕ್ಕ ಎಂದಳು.

"ಈಗ ಬರೆದ್ರೆ ಪಾಸಾಗ್ತೀನಾ? ಲೈಬ್ರರೀಲಿ ಹೇಳಿದ ಹಾಗೆ ಹೇಳ್ಬೇಡ."

ಪಾಸಾಗ್ತೀಯ ಎಂದು ಬಾಯಿಗೆ ಬಂದೇಬಿಟ್ಟಿತ್ತು. ನುಂಗಿದೆ. "ಆಗಲ್ಲ ಅನ್ಸುತ್ತೆ," ಎಂದೆ. "ಕನ್ನಡ ಆಗಬಹುದು. ಸಮಾಜ ಗೊತ್ತಿಲ್ಲ. ಉಳಿದದ್ದರಲ್ಲಿ ನಿಂಗೆ ಓದಿ ಮುಗಿಸೋಕೆ ಟೈಮ್ ಸಾಲಲ್ಲ."

ಅಮ್ಮ ನನ್ನನ್ನು ದುರುಗುಟ್ಟಿ ನೋಡಿದಳು. ಬಾತು ಮಾತ್ರ ತಲೆಯಾಡಿಸಿದಳು, ಅವಳೂ ಅದೇ ಲೆಕ್ಕ ಹಾಕಿ ಇಟ್ಟುಕೊಂಡಿದ್ದ ಹಾಗೆ.

"ಬರೀತೀನಿ," ಎಂದಳು. "ಫೇಲಾದದ್ದನ್ನ ಮುಂದಿನ ವರ್ಷ ಹೆಚ್ಚು ಟೈಮ್ ತಗೊಂಡು ಬರೀತೀನಿ. ಮನೇಲಿ ಕೂರಲ್ಲ."

ಊಟ ಯಾರಿಗೂ ರುಚಿಸಲಿಲ್ಲ.


ಜನವರಿ 19, ಬುಧವಾರ

ವಿಜ್ಞಾನ ಓದಿ ಓದಿ ನನಗೇ ತಲೆಗೆ ಹತ್ತುತ್ತಿಲ್ಲ. ಬಾತು ಅಣಕಿಸುತ್ತಾಳೆ: "ನೀನು ನ್ಯೂಸ್ ಓದ್ತಿದೀಯಾ, ಪಾಠ ಓದ್ತಿದೀಯಾ?" ಇವತ್ತು ಊಟದಲ್ಲಿ ಉಪ್ಪು ಜಾಸ್ತಿ ಎಂದೆ. ನಾಳೆಯಿಂದ ನೀನೇ ಮಾಡು ಎಂದಳು ಅಮ್ಮ. ಯಾರೋ ನನ್ನ ನೀಲಿ ತಟ್ಟೆಯಲ್ಲಿ ಸ್ಕ್ರೂಗಳನ್ನು ಹಾಕಿಟ್ಟಿದ್ದಾರೆ, ಕೈಗೆ ಸಿಕ್ಕ ತಟ್ಟೆಯಲ್ಲಿ ಊಟ ಮಾಡಿದೆ.

ರಾತ್ರಿ ಬಾತು ನಿದ್ದೆಯಲ್ಲಿ ಪದಗಳನ್ನು ಒಡೆಯುತ್ತಾಳೆ. ಕೇಳಿಸಿಕೊಳ್ಳಲು ಆಗುವುದಿಲ್ಲ.


ಮಾರ್ಚ್ 21, ಸೋಮವಾರ

ಮೊದಲ ಪೇಪರು ಸಮಾಜ. ನಾವು ಮೂವರೂ ಹೋಗಿದ್ದೆವು. ಪರೀಕ್ಷೆ ಬೇರೆ ಶಾಲೆಯಲ್ಲಿ, ಎದುರಿಗೆ ಮರವಿಲ್ಲದ ಅಗಲವಾದ ರಸ್ತೆ. ಅಪ್ಪ ಅಮ್ಮ ಗೋಡೆಯ ನೆರಳಿನಲ್ಲಿ ಕೂತರು. ನನಗೆ ಕೂರಲಾಗಲಿಲ್ಲ. ಬಾತು ಈಗ ಎಷ್ಟನೇ ಪ್ರಶ್ನೆಯ ಮೇಲೆ ಬೆರಳಿಟ್ಟಿರಬಹುದು ಎಂದು ನೆನೆಯುತ್ತಾ ಗೇಟಿನ ಮುಂದೆ ಅಲೆದೆ.

ಬೆಲ್ಲು ಹೊಡೆಯಿತು. ಮಕ್ಕಳು ನುಗ್ಗಿಕೊಂಡು ಬಂದರು. ಸುತ್ತ ಎಲ್ಲರದೂ ಒಂದೇ ಪ್ರಶ್ನೆ, ಎಲ್ಲ ಮಕ್ಕಳದೂ ಒಂದೇ ಉತ್ತರ: ಈಸಿ, ಈಸಿ. ಬಾತು 'ಈಸಿ' ಎನ್ನುವವರ ನಡುವೆ ಬಾಯಿ ಮುಚ್ಚಿಕೊಂಡು ಬಂದಳು. ಬೆರಳಿಗೆ ಶಾಯಿ ಹತ್ತಿತ್ತು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಅರ್ಧ ಬರೆದೆ," ಎಂದಳು.

"ಅರ್ಧ ಅಂದ್ರೆ?" ಎಂದರು ಅಪ್ಪ.

"ಅರ್ಧ. ಆಮೇಲೆ ಕಿತ್ಕೊಂಡ್ರು."

ಅಮ್ಮ ಅವಳ ಬೆವರಿದ ಕೂದಲನ್ನು ಕಿವಿಯ ಹಿಂದೆ ಸರಿಸಿದಳು. ಪರವಾಗಿಲ್ಲ ಎಂದು ನಾನು ಹೇಳಲಿಲ್ಲ. ಅಮ್ಮನೂ ಹೇಳಲಿಲ್ಲ.

ಅಷ್ಟರಲ್ಲಿ ಬೇಕರಿಯವರು ಮಗನ ಹೆಗಲ ಮೇಲೆ ಕೈಹಾಕಿಕೊಂಡು ಬಂದರು. ಇನ್ನೂ ಎರಡು ಮನೆಯವರು ಅವರ ಜೊತೆಗಿದ್ದರು. "ಏನಮ್ಮ, ನಿನ್ನ ತಂಗಿ ಹೇಗೆ ಬರೆದ್ಲು?" ಎಂದು ನನ್ನನ್ನೇ ಕೇಳಿದರು. ಎಲ್ಲರೂ ನನ್ನ ಬಾಯಿ ನೋಡಿದರು. ಬಾತು ನೆಲ ನೋಡಿದಳು.

"ಅರ್ಧ ಬರೆದಿದಾಳೆ ಅಂಕಲ್," ಎಂದೆ. "ಓದೋಕೆ ಅವಳಿಗೆ ಟೈಮ್ ಹಿಡಿಯುತ್ತೆ. ಸಾಲಲಿಲ್ಲ."

ಬೇಕರಿಯವರು ಮಗನ ಹೆಗಲು ತಟ್ಟಿದರು. ಬಾತು ತಲೆ ಎತ್ತಿದಳು. ಸಿಟ್ಟು ಬರುತ್ತದೆ, ಮತ್ತೆ ತಿಂಗಳುಗಟ್ಟಲೆ ಮಾತು ಬಿಡುತ್ತಾಳೆ ಎಂದುಕೊಂಡೆ. ಅವಳು ನನ್ನ ಕೈಯಲ್ಲಿದ್ದ ನೀರು ತೆಗೆದುಕೊಂಡು ಕುಡಿದು, ಬಾಯಿ ಒರೆಸಿಕೊಂಡು, ಅವರಿಗೇ ಹೇಳಿದಳು:

"ಬರೆದ ಅರ್ಧ ಸರಿ ಇದೆ."